ಬಲಮೂಲೆಯ ಕುಂಕುಮ

ಹಳೆಯ ಕಂಪ್ಯೂಟರನ್ನು ಬಿಚ್ಚುವ ಮುಂಚೆ ನಾನು ಅದರ ಫೋಟೋ ತೆಗೆದಿಡುತ್ತೇನೆ. ಮೇಲಿಂದ, ಕೆಳಗಿಂದ, ನಾಲ್ಕೂ ಮೂಲೆಗಳಿಂದ. ಯಾವ ಸ್ಕ್ರೂ ಎಲ್ಲಿತ್ತು, ಯಾವ ವೈರು ಎಲ್ಲಿಗೆ ಹೋಗಿತ್ತು ಅಂತ ಆಮೇಲೆ ತಲೆ ಕೆರೆದುಕೊಳ್ಳುತ್ತಾ ಕೂರಬಾರದಲ್ಲ. ಪಾಲಿಟೆಕ್ನಿಕ್ಕಿನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ವರ್ಷಗಟ್ಟಲೆ ವಿದ್ಯಾರ್ಥಿಗಳಿಗೆ ಬೈದು ಬೈದು ಕಲಿಸಿದ ಪಾಠ ಇದು. ಈ ಅಭ್ಯಾಸವೊಂದು ಇಲ್ಲದಿದ್ದರೆ ನಾನು ಅಳಿಸಿದ್ದು ಏನು ಅನ್ನುವುದಕ್ಕೂ ಗುರುತು ಇರುತ್ತಿರಲಿಲ್ಲ.

ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಇರುವುದು ನಾನು ಮತ್ತು ಅಕ್ಕ, ಇಬ್ಬರೇ. ನಡುಮನೆಯ ಒಂದು ಗೋಡೆ ಪೂರ್ತಿ ನನ್ನ ಕಂಪ್ಯೂಟರುಗಳದ್ದು. ಕೀಬೋರ್ಡೇ ಇಡೀ ಕಂಪ್ಯೂಟರಾಗಿದ್ದ ಕಾಲದವು ಅವು. ಮನೆಯ ಟಿವಿಗೆ ಸಿಕ್ಕಿಸಬೇಕು, ಬರೆದ ಪ್ರೋಗ್ರಾಮನ್ನು ಹಾಡಿನ ಕ್ಯಾಸೆಟ್ಟಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಬೇಕು. ರಿಟೈರಾದ ಮೇಲೆ ಹಿಡಿದ ಹುಚ್ಚು. ಸತ್ತು ಬಿದ್ದಿದ್ದ ಯಂತ್ರ ಟಿವಿಯ ಮೇಲೆ ಕಣ್ಣು ಬಿಟ್ಟಾಗ ನನಗಾಗುವ ಖುಷಿ ಅಕ್ಕನಿಗೆ ಅರ್ಥವಾಗುವುದಿಲ್ಲ. ಅವಳ ಪಾಲಿಗೆ ಅದೆಲ್ಲ ಗುಜರಿ. "ಕೆಲಸವಿಲ್ಲದ ಬಡಗಿ ಮಗುವಿನ ಕುಂಡಿ ಕೆತ್ತಿದನಂತೆ" ಎಂದು ದಿನಕ್ಕೊಂದು ಸಲವಾದರೂ ಹೇಳದಿದ್ದರೆ ಅವಳಿಗೆ ಕಾಫಿ ಇಳಿಯುವುದಿಲ್ಲ.

ಆಯುಧಪೂಜೆಯ ದಿನ ಮಾತ್ರ ಇಬ್ಬರಿಗೂ ನಿಜವಾದ ಜಗಳ. ಮಿಕ್ಸಿ, ಗ್ಯಾಸ್ ಸ್ಟವ್, ಈಳಿಗೆಮಣೆ, ನನ್ನ ಸ್ಕೂಟರ್ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿಕೊಂಡು ಬರುವ ಅಕ್ಕನನ್ನು ಆ ಗೋಡೆಯ ಹತ್ತಿರ ನಾನು ತಡೆಯುತ್ತೇನೆ. ನೀರು ಒಳಗಿಳಿದರೆ ಬೋರ್ಡ್ ಕೆಡುತ್ತೆ, ಪ್ಲಾಸ್ಟಿಕ್ಕಿಗೆ ಕಲೆ ಹಿಡಿಯುತ್ತೆ ಎಂದು ಕೂಗಾಡುತ್ತೇನೆ. ಸುಳ್ಳೇನಲ್ಲ. ಆದರೆ ಹಟವೂ ಇತ್ತು.

ಹೋದ ಬೇಸಿಗೆಯಲ್ಲಿ ಮಲ್ಲೇಶ್ವರದಿಂದ ಒಬ್ಬರು ಹಿರಿಯರು ಬಂದರು. ಗಾಂಧಿ ಬಜಾರಿನ ಟಿವಿ ರಿಪೇರಿಯವರು ನನ್ನ ವಿಳಾಸ ಕೊಟ್ಟಿದ್ದರಂತೆ. ಸಂಪಿಗೆ ರಸ್ತೆಯಲ್ಲಿ ಮೆಟ್ರೋ ಹತ್ತುವಾಗ ಸೆಕ್ಯುರಿಟಿ ಹುಡುಗಿ ಬಟ್ಟೆಯ ಚೀಲ ಬಿಚ್ಚಿ ತೋರಿಸಿ ಎಂದಳಂತೆ, ಅವಳಿಗೆ ಇದೇನೆಂದು ವಿವರಿಸುವಷ್ಟರಲ್ಲಿ ಸಾಕಾಯಿತು ಎಂದು ನಕ್ಕರು. ಟವೆಲ್ಲಿನಲ್ಲಿ ಸುತ್ತಿದ್ದ ಕಂಪ್ಯೂಟರು ಅವರ ಹೆಂಡತಿಯದು. ಆಕೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಸ್ವಂತವಾಗಿ ಪ್ರೋಗ್ರಾಮ್ ಬರೆಯುವುದನ್ನು ಕಲಿತಿದ್ದರು. ತೀರಿಕೊಂಡು ಎರಡು ವರ್ಷವಾಗಿತ್ತು. ಚೀಲದಲ್ಲಿ ಆಕೆಯ ಒಂದು ಕ್ಯಾಸೆಟ್ಟೂ ಇತ್ತು.

"ರಂಗೋಲಿ ಬರ್ತಿತ್ತು ಇದ್ರಲ್ಲಿ. ಇನ್ನೊಂದ್ಸಲ ನೋಡ್ಬೇಕು ಅಷ್ಟೇ ಮೇಡಂ" ಎಂದರು.

ಪ್ಲಾಸ್ಟಿಕ್ಕೆಲ್ಲ ಹಳದಿ ತಿರುಗಿತ್ತು. ಬಲಗಡೆಯ ಮೂಲೆಯಲ್ಲಿ ಗಂಧ ಕುಂಕುಮ ವರ್ಷದ ಮೇಲೆ ವರ್ಷ ಕೂತು, ಹಕ್ಕಳೆಯ ಹಾಗೆ ಗಟ್ಟಿಯಾಗಿತ್ತು. ಅವರು ಅದರ ಮೇಲೆ ಬೆರಳಿಟ್ಟರು.

"ಇದು ನಮ್ಮ ಮನೆಯವಳು ಇಡ್ತಿದ್ದಿದ್ದು. ಪ್ರತೀ ಆಯುಧಪೂಜೆಗೂ."

"ಪರವಾಗಿಲ್ಲ ಬಿಡಿ ಸಾರ್, ಎಲ್ಲಾ ಹೋಗುತ್ತೆ" ಎಂದೆ ನಾನು.

ಅವರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಅಕ್ಕ ಕಾಫಿ ತಂದಳು. ಆ ಮಾತು ಅಲ್ಲೇ ನಿಂತಿತು. ಕುಂಕುಮದ ಮಾತನ್ನು, ಕೊಳೆಯಾದ ವಸ್ತು ಕೊಡುತ್ತಿದ್ದೇನಲ್ಲ ಎಂಬ ಸಂಕೋಚಕ್ಕೆ ಹೇಳಿದರು ಅಂದುಕೊಂಡೆ. ನನ್ನ ಹತ್ತಿರ ಬರುವವರೆಲ್ಲ ಹಾಗೇ ಹೇಳುವುದು: ಜಿರಲೆ ಇರಬಹುದು ಮೇಡಂ, ಧೂಳಿದೆ ಮೇಡಂ.

ರಿಪೇರಿ ದೊಡ್ಡದೇನಿರಲಿಲ್ಲ. ಅಡಾಪ್ಟರು ಹೋಗಿತ್ತು, ಬೋರ್ಡಿನ ಮೇಲೆ ಎರಡು ಕೆಪಾಸಿಟರು ಊದಿಕೊಂಡಿದ್ದವು. ಒಂದೇ ದಿನಕ್ಕೆ ಮುಗಿಯಿತು. ಅವರು ಕೇಳಿದ್ದೂ ಅಷ್ಟೇ. ನನಗೆ ಸಾಕಾಗಲಿಲ್ಲ. ಅಂಗಡಿಯಿಂದ ಇವತ್ತು ತಂದ ಹಾಗೆ ಕಾಣಬೇಕು ಎಂಬ ಚಪಲ. ಕೀಗಳನ್ನೆಲ್ಲ ಕಿತ್ತು ಸೋಪಿನ ನೀರಿನಲ್ಲಿ ನೆನೆಹಾಕಿದೆ. ಒಳಗೆ ಸಿಕ್ಕಿದ ಧೂಳು, ಉದ್ದದ ಒಂದೆರಡು ಕೂದಲು, ಎಲ್ಲವನ್ನೂ ಮೊರದ ಕಸದ ಜೊತೆ ಚೆಲ್ಲಿದೆ. ಆಮೇಲೆ ಹಲ್ಲುಕಡ್ಡಿ, ಹತ್ತಿ, ಸ್ಪಿರಿಟ್ ಹಿಡಿದು ಆ ಕುಂಕುಮಕ್ಕೆ ಕೂತೆ. ಎರಡು ದಿನ ಹಿಡಿಯಿತು.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅಕ್ಕ, "ಅಷ್ಟ್ ವರ್ಷದ ಕುಂಕುಮ ಕಣೇ ಅದು. ಅವ್ರನ್ನ ಒಂದ್ಮಾತು ಕೇಳ್ಬಾರ್ದಾ?" ಎಂದಳು.

"ಕುಂಕುಮ ಅಲ್ಲ, ಕೊಳೆ. ನಿಂಗೊತ್ತಾಗಲ್ಲ, ಹೋಗು" ಎಂದೆ.

ಅವಳು ಹೋದಳು. ಮಾರನೆಯ ದಿನ ಕಂಪ್ಯೂಟರಿನ ಮುಚ್ಚಳಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಬಳಿದು, ಪ್ಲಾಸ್ಟಿಕ್ ಹಾಳೆ ಸುತ್ತಿ, ತಾರಸಿಯ ಮೇಲೆ ಅಕ್ಕನ ಸಂಡಿಗೆಯಿಂದ ದೂರದಲ್ಲಿ ಬಿಸಿಲಿಗಿಟ್ಟೆ. ಸಂಜೆಯ ಹೊತ್ತಿಗೆ ಹಳದಿ ಹೋಗಿ ಬೆಳ್ಳಗೆ ಹೊಳೆಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಅವರು ಬಂದಾಗ ಎಲ್ಲ ಸಿದ್ಧ ಮಾಡಿ ಟಿವಿಯ ಮುಂದೆ ಕೂರಿಸಿದೆ. ಕ್ಯಾಸೆಟ್ಟು ಕಿರ್ರೋ ಎಂದು ಐದು ನಿಮಿಷ ಕಿರುಚಿತು. ಪರದೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬಂತು: ಎಷ್ಟು ಚುಕ್ಕಿ? ಹನ್ನೊಂದು ಎಂದು ಒತ್ತಿದರು. ಚುಕ್ಕಿಗಳು ಒಂದೊಂದಾಗಿ ಮೂಡಿದವು, ಗೆರೆ ನಿಧಾನಕ್ಕೆ ಅವುಗಳನ್ನು ಬಳಸಿಕೊಂಡು ಹೊರಟಿತು. ಅವರ ಕಣ್ಣಲ್ಲಿ ನೀರು ಬಂತು. ನೋಡುತ್ತ ನೋಡುತ್ತಲೇ ಅವರ ಬಲಗೈ ಕಂಪ್ಯೂಟರಿನ ಮೂಲೆಗೆ ಹೋಯಿತು. ಅಲ್ಲಿ ಸವರಿತು. ಮತ್ತೆ ಸವರಿತು. ಆಗ ಪರದೆಯಿಂದ ಕಣ್ಣು ಕಿತ್ತು ಕೆಳಗೆ ನೋಡಿದರು.

"ಇಲ್ಲಿತ್ತಲ್ಲಾ" ಎಂದರು.

"ತೆಗೆದ್ಬಿಟ್ಟೆ ಸಾರ್. ಎರಡು ದಿನ ಹಿಡೀತು" ಎಂದೆ. ಹೆಮ್ಮೆಯಿಂದಲೇ ಎಂದೆ. ಅದನ್ನು ನೆನೆದರೆ ಈಗಲೂ ಮುಖ ಎಲ್ಲಿಡಲಿ ಅನ್ನಿಸುತ್ತದೆ.

ಅವರು ಆ ಮೂಲೆಯಿಂದ ಕೈ ತೆಗೆದರು. "ಮಕ್ಕಳು ಮನೆಗೆ ಬಣ್ಣ ಹೊಡೆಸಿದ್ರು. ಅಡುಗೆಮನೆ ಒಡೆದು ಹೊಸದು ಮಾಡಿದ್ರು. ಸೀರೆಗಳನ್ನೆಲ್ಲ ಯಾರ್ಯಾರಿಗೋ ಕೊಟ್ಟಾಯ್ತು. ಅವಳ ಕೈ ಆಡಿದ್ದು ಅಂತ ಇದೊಂದಿತ್ತು" ಎಂದರು. ಮತ್ತೆ ನನಗೇ ಸಮಾಧಾನ ಹೇಳುವವರಂತೆ, "ನಿಮ್ದೇನ್ ತಪ್ಪಮ್ಮಾ. ನಾನೇ ಸರಿಯಾಗಿ ಹೇಳ್ಲಿಲ್ಲ" ಎಂದರು. ರಂಗೋಲಿ ಪೂರ್ತಿಯಾಗುವ ತನಕ ಕೂತಿದ್ದು, ಕಾಫಿ ಕುಡಿದು, ಟವೆಲ್ಲಿನಲ್ಲಿ ಸುತ್ತಿಕೊಂಡು ಹೋದರು.

ಅವರು ಹೇಳಿದ್ದರು. ಬೆರಳಿಟ್ಟು ತೋರಿಸಿ ಹೇಳಿದ್ದರು. ಕೇಳಿಸಿಕೊಳ್ಳದವಳು ನಾನು.

ಮೊದಲೆರಡು ದಿನ ಅವರ ಮೇಲೇ ಸಿಟ್ಟು ಮಾಡಿಕೊಂಡೆ. ಬೇಡ ಎಂದು ಬಾಯಿಬಿಟ್ಟು ಹೇಳಲು ಏನಾಗಿತ್ತು? ನಿಂತುಹೋದ ಯಂತ್ರ ನಡೆಸಿಕೊಟ್ಟಿಲ್ಲವೇ? ಅಕ್ಕ "ನಾನು ಹೇಳಿರ್ಲಿಲ್ವಾ" ಎಂದು ಒಂದು ಮಾತು ಆಡಿದ್ದರೆ ಅವಳ ಮೇಲೆ ಹರಿಹಾಯ್ದು ಹಗುರಾಗುತ್ತಿದ್ದೆ. ಅವಳು ಆಡಲಿಲ್ಲ. ಮೂರನೆಯ ದಿನ ಫೋನಿನಲ್ಲಿದ್ದ ಫೋಟೋ ತೆಗೆದು ನೋಡಿದೆ. ಬಲಗಡೆಯ ಮೂಲೆಯನ್ನು ದೊಡ್ಡದು ಮಾಡಿದೆ. ಕುಂಕುಮದ ಮೇಲ್ಪದರದಲ್ಲಿ ಬೆರಳಚ್ಚು ಇತ್ತು. ಸುತ್ತು ಸುತ್ತಿನ ಗೆರೆಗಳು, ಒಂದೊಂದೂ ಎಣಿಸುವಷ್ಟು ಸ್ಪಷ್ಟ. ಕೊನೆಯ ಆಯುಧಪೂಜೆಯಲ್ಲಿ ಆ ಟೀಚರ್ ಒತ್ತಿದ ಉಂಗುರ ಬೆರಳು. ಅದನ್ನು ನಾನು ಹಲ್ಲುಕಡ್ಡಿಯಿಂದ ಕೆರೆದಿದ್ದೆ.

ಕೆಟ್ಟಿದ್ದನ್ನು ಸರಿಮಾಡುವುದೇ ಅಭ್ಯಾಸವಾದವಳಿಗೆ ಕೈ ಕಟ್ಟಿ ಕೂರಲು ಬರುವುದಿಲ್ಲ. ಬೇರೊಂದು ಹಳೆಯ ಕಂಪ್ಯೂಟರಿನ ಬೇಡವಾದ ಮುಚ್ಚಳ ತೆಗೆದುಕೊಂಡು, ಅಕ್ಕನ ಕುಂಕುಮದ ಬಟ್ಟಲಿನಿಂದಲೇ ಕಲಸಿ, ಫೋಟೋ ನೋಡಿಕೊಂಡು ಪದರ ಪದರವಾಗಿ ಹಚ್ಚಿದೆ. ಸಂಜೆಗೆ ಒಣಗಿದ ಮೇಲೆ ನೋಡಿದರೆ ಥೇಟ್ ಹಾಗೇ ಇತ್ತು. ಆದರೆ ಬೆರಳು ನನ್ನದು. ನನಗೆ ನನ್ನ ಬಗ್ಗೆಯೇ ಹೇಸಿಗೆಯಾಯಿತು, ನಲ್ಲಿಯ ಕೆಳಗೆ ಹಿಡಿದು ತೊಳೆದುಬಿಟ್ಟೆ.

ಫೋಟೋವನ್ನಾದರೂ ಕೊಡೋಣ ಎಂದು ಸಂಪಿಗೆ ರಸ್ತೆಯ ಸ್ಟುಡಿಯೋ ಒಂದರಲ್ಲಿ ಪ್ರಿಂಟ್ ಹಾಕಿಸಿದೆ. ಗೆರೆಗಳೆಲ್ಲ ಕಾಣಲಿ ಎಂದು ಆ ಮೂಲೆಯನ್ನಷ್ಟೇ ಅಂಗೈಯಗಲ ಮಾಡಿಸಿದೆ. ಕಾಂತಿ ಸಾಲದು ಎಂದು ಸ್ವಲ್ಪ ಕೆಂಪನ್ನೂ ಏರಿಸಿದೆ. ಅಲ್ಲಿಂದ ಅವರ ಮನೆಗೆ ನಡೆದೇ ಹೋದೆ. ಕಂಪ್ಯೂಟರು ಅವರ ಮಂಚದ ಪಕ್ಕದ ಮೇಜಿನ ಮೇಲಿತ್ತು, ಬೆಳ್ಳಗೆ.

ಅವರು ಕನ್ನಡಕ ಹಾಕಿಕೊಂಡು ಪ್ರಿಂಟನ್ನು ಬಹಳ ಹೊತ್ತು ನೋಡಿದರು. ಕಿಟಕಿಯ ಹತ್ತಿರ ಹಿಡಿದು ನೋಡಿದರು.

"ತುಂಬಾ ಶ್ರಮ ತಗೊಂಡಿದೀರ" ಎಂದರು. ಆಮೇಲೆ ಮೆಲ್ಲಗೆ, "ಅವಳ ಬೆರಳು ಇಷ್ಟ್ ದೊಡ್ಡದಿರ್ಲಿಲ್ಲಮ್ಮಾ. ಸಣ್ಣ ಬೆರಳು ಅವಳದ್ದು" ಎಂದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಬಂದೆ ಎಂದು ಹೇಳಿ ಮತ್ತೆ ಅದೇ ಸ್ಟುಡಿಯೋಗೆ ಹೋದೆ. ಇದ್ದದ್ದು ಇದ್ದಷ್ಟೇ ಬರಬೇಕು, ಬಣ್ಣ ಮುಟ್ಟಬೇಡಿ ಎಂದು ಪಕ್ಕದಲ್ಲಿ ನಿಂತು ಅಳತೆ ಹೇಳಿದೆ. ಬಂದ ಪ್ರಿಂಟು ಹುಣಸೆಬೀಜದಷ್ಟು. ಅದರಲ್ಲಿ ಬೆರಳಚ್ಚೂ ಇಲ್ಲ, ಗೆರೆಯೂ ಇಲ್ಲ. ಮಾಸಿದ ಕೆಂಪಿನ ಒಂದು ಮಚ್ಚೆ. ಗೊತ್ತಿಲ್ಲದವರು ನೋಡಿದರೆ ಒರೆಸಲು ಬಟ್ಟೆ ಹುಡುಕಬೇಕು, ಹಾಗಿತ್ತು.

ವಾಪಸು ಹೋಗಿ ಅದನ್ನು ಅವರ ಅಂಗೈ ಮೇಲಿಟ್ಟೆ. ಈ ಸಲ ಕನ್ನಡಕ ಹುಡುಕಲಿಲ್ಲ, ಕಿಟಕಿಗೂ ಹೋಗಲಿಲ್ಲ.

"ಹೂಂ," ಎಂದರು, "ಇದೇ."

ನಾನು ಕೊಳೆ ಎಂದಿದ್ದು ಅದನ್ನೇ.