ಗ್ಯಾಲರಿ ಅಜ್ಜ
ಶಾಸನಸಭೆಯ ಪ್ರೇಕ್ಷಕರ ಗ್ಯಾಲರಿಯಲ್ಲಿ ಮೊದಲ ಸಾಲಿನ ತುದಿಯ ಕುರ್ಚಿ ಅಜ್ಜನದೆಂದು ಬಾಗಿಲು ಕಾಯುವವನಿಗೂ ಗೊತ್ತು. ಕೆಳಗೆ ಸದಸ್ಯರು ಪಕ್ಷದಿಂದ ಪಕ್ಷಕ್ಕೆ ಹಾರಿ ಎಷ್ಟು ಸಲ ಜಾಗ ಬದಲಿಸಿದರೋ ಲೆಕ್ಕವಿಲ್ಲ; ಅಜ್ಜನ ಜಾಗ ಮಾತ್ರ ನಲವತ್ತು ವರ್ಷದಿಂದ ಅದೇ. ದರ್ಜಿಯಾಗಿದ್ದವನಾದ್ದರಿಂದ ಅವನು ಭಾಷಣಕ್ಕಿಂತ ಮೊದಲು ಅಂಗಿ ನೋಡುತ್ತಾನೆ. "ಹೆಗಲಲ್ಲಿ ಬಿಗಿ ಆಯ್ತು, ಪಾಪ, ಕೈಯೆತ್ತಿ ಭರವಸೆ ಕೊಡೋಕೆ ಕಷ್ಟ" ಎಂದು ಮರುಗುತ್ತಾನೆ. ಸಭಾಧ್ಯಕ್ಷರು ಬಂದರೆ ಮಂತ್ರಿಗಳಿಗಿಂತ ಮೊದಲು ಎದ್ದು ನಿಲ್ಲುತ್ತಾನೆ. ಕೂಗಾಟ ಜೋರಾದಾಗ ಅವನ ಕಣ್ಣು ಅರೆಮುಚ್ಚುತ್ತದೆ. ಎತ್ತರದ ಕಿಟಕಿಯಿಂದ ಇಳಿದ ಬಿಸಿಲಿನಲ್ಲಿ ಧೂಳಿನ ಕಣಗಳು ತೇಲುತ್ತವೆ, ಬೈಗುಳಗಳೂ ಅವುಗಳ ಜೊತೆ ಮೆಲ್ಲಗೆ ಎಲ್ಲಿಗೋ ಹೋದಂತೆ ಅವನಿಗೆ ಅನಿಸುತ್ತದೆ. ಒಂದು ಮಧ್ಯಾಹ್ನ ಬಾಗಿಲು ಕಾಯುವವನು ತಡೆಯಲಾರದೆ ಕೇಳಿಯೇಬಿಟ್ಟ: "ಇವರನ್ನ ಈಗ ನಂಬೋರು ಯಾರಿದ್ದಾರೆ ಅಜ್ಜಾ? ದಿನಾ ಏನು ಕೇಳೋಕೆ ಬರ್ತೀರಿ?" ಅಜ್ಜ ಕೆಳಗಿನ ಮಂತ್ರಿಗಳ ಸಾಲಿನತ್ತ ಬೆರಳು ತೋರಿದ. "ಸೇತುವೆ ಕುಸಿದು ನಮ್ಮಣ್ಣ ತೀರಿಕೊಂಡಾಗ ಅಮ್ಮ ನನ್ನ ಕೈ ಹಿಡ್ಕೊಂಡು ಇಲ್ಲಿಗೆ ಬಂದಿದ್ಲು. ಮಂತ್ರಿ ಎದ್ದು ನಿಂತು, 'ಆ ಸೇತುವೆಗೆ ಒಪ್ಪಿಗೆ ಕೊಟ್ಟೋನು ನಾನು, ತಪ್ಪು ನಂದೇ' ಅಂದ್ರು. ನಾಲ್ಕು ದಿನದಿಂದ ಅನ್ನ ಮುಟ್ಟದ ಅಮ್ಮ ಅವತ್ತು ಮನೆಗೆ ಹೋಗಿ ಊಟ ಮಾಡಿದ್ಲು." ಕಾವಲಿನವನು ದನಿ ತಗ್ಗಿಸಿ ಕೇಳಿದ: "ಆಮೇಲೆ ಯಾರಾದ್ರೂ ಹಾಗೆ ಅಂದಿದ್ದಾರಾ?" "ಇನ್ನೂ ಇಲ್ಲ" ಎಂದ ಅಜ್ಜ. ಅಷ್ಟರಲ್ಲಿ ಕೆಳಗೆ ಯಾರೋ ಉತ್ತರ ಕೊಡಲು ಎದ್ದರು. ಅಜ್ಜ ಗ್ಯಾಲರಿಯ ಕಂಬಿ ಹಿಡಿದು ಕಿವಿಯನ್ನು ಮುಂದೆ ಚಾಚಿದ.