ಕಂಬಿ ಮೊದಲು, ಚಿರತೆ ಆಮೇಲೆ

ಬೆಳ್ಯಪ್ಪನವರು ಚಿರತೆಯ ಚಿತ್ರ ಬರೆಯುವಾಗ ಮೊದಲು ಕಂಬಿ ಬರೆಯುತ್ತಿದ್ದರು. ಗಟ್ಟಿ ಪೆನ್ಸಿಲ್ಲು, ಉಕ್ಕಿನ ಸ್ಕೇಲು, ಹಾಳೆಯ ಮೇಲಿನಿಂದ ಕೆಳಗಿನವರೆಗೆ ಹದಿನಾಲ್ಕು ಕಂಬಿ. ಒಂದೂ ಕೂದಲೆಳೆಯಷ್ಟು ಅತ್ತಿತ್ತ ಆಗುತ್ತಿರಲಿಲ್ಲ. ಆಮೇಲೆ ಆ ಸಂದುಗಳಲ್ಲಿ ಚಿರತೆ ಮೂಡುತ್ತಿತ್ತು. ಒಂದು ಸಂದಿನಲ್ಲಿ ಕಿವಿ, ಮುಂದಿನದರಲ್ಲಿ ಅರ್ಧ ಕಣ್ಣು, ಅದರಾಚೆ ಹೆಗಲು. ಏಳು ವರ್ಷ ಅವರು ಬರೆದದ್ದು ಮೃಗಾಲಯದ ಒಂದೇ ಹೆಣ್ಣು ಚಿರತೆಯನ್ನು. ಭಾನುವಾರದ ಸಮಯ ಉಳಿಯಲಿ ಎಂದು ವಾರವಿಡೀ ಮನೆಯಲ್ಲಿ ಕೂತು ಕಂಬಿಗಳನ್ನು ಗೆರೆ ಹಾಕಿಟ್ಟುಕೊಂಡು ಬರುತ್ತಿದ್ದರು. ಮೃಗಾಲಯದ ಗೇಟು ತೆರೆದ ಕೂಡಲೇ ಒಳಗೆ ಬಂದು ಹಾಳೆ ಕಟ್ಟಿದ ರಟ್ಟು ಬಿಚ್ಚಿದರೆ ಅವೆಲ್ಲ ಆಗಲೇ ಪಂಜರವಾಗಿರುತ್ತಿದ್ದವು.

ನಾನು ಆಗ ದೆಹಲಿಯಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತೆ. ಕರೋಲ್ ಬಾಗ್‌ನ ಮೂರನೇ ಮಹಡಿಯಲ್ಲಿ ಒಂದು ಕೋಣೆ, ಅದಕ್ಕೊಂದು ಕಿಟಕಿ, ಕಿಟಕಿಗೆ ಎದುರು ಮನೆಯ ಗೋಡೆ. ಮೆಟ್ರೊ ಬಂದ ಹೊಸತು. ಭಾನುವಾರ ಆ ಕೋಣೆಯಿಂದ ತಪ್ಪಿಸಿಕೊಳ್ಳಲೆಂದೇ ನಾನು ವನ್ಯಜೀವಿ ಚಿತ್ರಕಾರರ ಗುಂಪಿಗೆ ಸೇರಿದ್ದು. ಹೆಸರು ದೊಡ್ಡದು, ಇದ್ದವರು ಇಪ್ಪತ್ತು ಜನ: ಬ್ಯಾಂಕಿನವರು, ಮೇಷ್ಟ್ರುಗಳು, ಒಬ್ಬ ಹಲ್ಲಿನ ಡಾಕ್ಟರು. ಆದರೂ ನಮ್ಮ ಸಾಧನೆ ಕಡಿಮೆಯಲ್ಲ. ವರ್ಷಕ್ಕೊಂದು ಪ್ರದರ್ಶನ, ವರ್ಷಕ್ಕೊಂದು ಕ್ಯಾಲೆಂಡರು, ಚಳಿಗಾಲದಲ್ಲಿ ಒಂದು ಕಾಡಿನ ಪ್ರವಾಸ. ಮಕ್ಕಳ ಆಸ್ಪತ್ರೆಯೊಂದರ ವಾರ್ಡಿನ ಗೋಡೆಯ ತುಂಬ ನವಿಲು, ಜಿಂಕೆ ಬರೆದುಕೊಟ್ಟವರೂ ನಾವೇ.

ಕಾಡು ವರ್ಷಕ್ಕೊಮ್ಮೆ. ಮಿಕ್ಕ ಭಾನುವಾರಗಳಿಗೆಲ್ಲ ಮೃಗಾಲಯವೇ ಗತಿ. ಅಲ್ಲಿ ಪ್ರಾಣಿಯನ್ನಷ್ಟೇ ಬರೆದುಕೊಂಡು, ಮನೆಗೆ ಬಂದು ಅದರ ಹಿಂದೆ ಹುಲ್ಲು, ಬಂಡೆ, ಮಂಜು ಸೇರಿಸುವುದು ನಮ್ಮ ಪದ್ಧತಿ. ಅದಕ್ಕೆ ನಮ್ಮೊಳಗೆ ‘ಕಾಡಿಗೆ ಕಳಿಸೋದು’ ಎಂಬ ಹೆಸರಿತ್ತು. ಕರಡಿಯನ್ನು ಕಾಡಿಗೆ ಕಳಿಸಿದೆಯಾ, ಈ ವಾರ ತೋಳ ಕಳಿಸ್ತೀನಿ ಎಂದು ಹಿಂದಿಯಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಬೆಳ್ಯಪ್ಪನವರು ಮಾತ್ರ ಯಾರನ್ನೂ ಕಳಿಸಲಿಲ್ಲ. ಒಮ್ಮೆ ಕಾರಣ ಕೇಳಿದೆ. ಪೆನ್ಸಿಲ್ಲಿನ ಮೊನೆ ನೋಡುತ್ತಲೇ ಹೇಳಿದರು:

“ಕಳಿಸ್ಲಿಕ್ಕೆ ಅದರ ಬೀಗದ ಕೈ ನನ್ನ ಹತ್ರ ಇಲ್ಲವಲ್ಲ ಮಗೂ.”

ಹಾಗೆಂದವರ ಕೊರಳಲ್ಲಿ ಬೂಟಿನ ಲಾಡಿಗೆ ಕಟ್ಟಿದ ಒಂದು ಬೀಗದ ಕೈ ಯಾವಾಗಲೂ ತೂಗಾಡುತ್ತಿತ್ತು. ಬಗ್ಗಿದಾಗ ರಟ್ಟಿಗೆ ತಾಗಿ ಟಕ್ ಎನ್ನುತ್ತಿತ್ತು. ಸ್ಕೂಟರಿನದೋ ಪೆಟ್ಟಿಗೆಯದೋ ಇರಬೇಕೆಂದು ನಾನು ಕೇಳಲು ಹೋಗಲಿಲ್ಲ.

ಕೊಡಗಿನವರು. ಸೈನ್ಯದಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿ ಸುಬೇದಾರರಾಗಿ ನಿವೃತ್ತರಾದವರು. ಇಂದಿರಾಪುರಂನ ಆರನೇ ಮಹಡಿಯಲ್ಲಿ ಹೆಂಡತಿಯೊಂದಿಗೆ ಇದ್ದರು. ಗುಂಪಿನಲ್ಲಿ ಎಲ್ಲರಿಗೂ ಸುಬೇದಾರ್ ಸಾಬ್. ಇಸ್ತ್ರಿ ಮಾಡಿದ ಅಂಗಿ, ಕತ್ತರಿಸಿದ ಮೀಸೆ, ಜೇಬಿನಲ್ಲಿ ನಕ್ಷೆ ನೋಡುವ ಭೂತಗನ್ನಡಿ. ಹನ್ನೊಂದೂವರೆಗೆ ಸರಿಯಾಗಿ ರಟ್ಟು ಮುಚ್ಚಿ ಹೊರಟುಬಿಡುತ್ತಿದ್ದರು. ಚಹಾಕ್ಕೂ ನಿಲ್ಲುತ್ತಿರಲಿಲ್ಲ, ಕಾಡಿನ ಪ್ರವಾಸಕ್ಕೂ ಬರುತ್ತಿರಲಿಲ್ಲ. ಕರೆದರೆ “ಮುಂದಿನ ವರ್ಷ ನೋಡುವ” ಎನ್ನುತ್ತಿದ್ದರು. ಬಿಂಕದ ಮನುಷ್ಯ ಎಂದು ನಾವು ತೀರ್ಮಾನಿಸಿದ್ದೆವು. ತೀರ್ಮಾನಿಸುವುದರಲ್ಲಿ ನಾನು ಯಾವಾಗಲೂ ಮುಂದೆ.

“ಕಂಡದ್ದು ಬರಿ, ಕಂಡಷ್ಟೇ ಬರಿ” ಎನ್ನುವುದು ಅವರ ಮಾತು. ಸೈನ್ಯಕ್ಕೆ ಸೇರಿದ ಹೊಸತರಲ್ಲಿ, ತಾನು ನಡೆಯದ ಒಂದು ಕಾಲುದಾರಿಯನ್ನು ಬೇರೆಯವರು ಹೇಳಿದ್ದು ನಂಬಿ ನಕ್ಷೆಯಲ್ಲಿ ಹಾಕಿದರಂತೆ. ಆ ದಾರಿಯನ್ನು ಹುಡುಕಿಕೊಂಡು ಎಂಟು ಜನ ಜವಾನರು ಒಂದಿಡೀ ದಿನ ಹಿಮದಲ್ಲಿ ಅಲೆದರು. ಕಾಲು ನೋವು ಬಿಟ್ಟರೆ ಯಾರಿಗೂ ಏನೂ ಆಗಲಿಲ್ಲ. ಆದರೆ ಆ ಎಂಟು ಜೊತೆ ಬೂಟುಗಳು ತಿರುಗಿ ಬಂದ ಸದ್ದು ಅವರಿಗೆ ಮರೆತಿರಲಿಲ್ಲ. ಕಂಬಿಗಳ ಗುಟ್ಟೂ ಆ ಕಸುಬಿನದೇ. ನಕ್ಷೆಗೆ ಚೌಕಗಳಿರುವಂತೆ ಅವರ ಚಿತ್ರಕ್ಕೆ ಕಂಬಿ. ಕಂಬಿಯಿಂದ ಕಂಬಿಗೆ ನಾಲ್ಕು ಇಂಚು, ಚಿರತೆಯ ಮೂತಿ ಒಂದೂವರೆ ಸಂದು, ಬೆನ್ನು ಎಂಟು ಸಂದು ಎಂದು ಲೆಕ್ಕ ಹಾಕುತ್ತಿದ್ದರು. ಅವರ ಚಿರತೆ ಒಂದು ನೂಲಿನಷ್ಟೂ ತಪ್ಪಿರುತ್ತಿರಲಿಲ್ಲ. ಪ್ರದರ್ಶನದಲ್ಲಿ ಮಾತ್ರ ಅವರ ಚಿತ್ರಕ್ಕೆ ನೀರಿನ ಫಿಲ್ಟರ್ ಪಕ್ಕದ ಗೋಡೆಯೇ ಖಾಯಂ. ಇದು ವನ್ಯಜೀವಿ ಹೇಗಾಗುತ್ತದೆ ಎಂಬುದು ನಮ್ಮ ಕಾರ್ಯದರ್ಶಿ ಭಟ್ನಾಗರ್ ಜೀ ಅವರ ಪ್ರಶ್ನೆ.

ಆ ವರ್ಷ ಕ್ಯಾಲೆಂಡರಿನ ಮುಖಪುಟಕ್ಕೆ ನನ್ನ ಚಿತ್ರ ಆಯ್ಕೆಯಾಯಿತು. ಅದೇ ಚಿರತೆ. ನಾನು ಅದನ್ನು ಕಾಡಿಗೆ ಕಳಿಸಿ, ಬೆಳಗಿನ ಮಂಜಿನಲ್ಲಿ ಒಂದು ಬಂಡೆಯ ಮೇಲೆ ಕೂರಿಸಿದ್ದೆ. ಎರಡು ತಿಂಗಳ ಕೆಲಸ. ಕಚೇರಿಯಲ್ಲಿ ನನ್ನನ್ನು ಇನ್ವರ್ಡ್ ಸೆಕ್ಷನ್ನಿನ ಮೇಡಂ ಎಂದಷ್ಟೇ ಬಲ್ಲವರು ಕೂಡ ಬಂದು ಕೈ ಕುಲುಕಿದರು. ನೆಲದ ಮೇಲೆ ನಡೆಯುವುದು ಕಷ್ಟವಾಗಿತ್ತು ನನಗೆ.

ಒಂದು ಭಾನುವಾರ ಬೆಳಗ್ಗೆ ಓಖ್ಲಾದ ಮುದ್ರಣಾಲಯದಲ್ಲಿ ಪ್ರೂಫ್ ನೋಡಲು ಐದಾರು ಜನ ಹೋಗಿದ್ದೆವು. ಹಾಳೆ ಹೊರಬಂತು, ಶಾಯಿಯ ವಾಸನೆಯೊಂದಿಗೆ, ಮೂಲ ಚಿತ್ರಕ್ಕಿಂತ ದೊಡ್ಡದಾಗಿ. ಎಲ್ಲರೂ ವಾಹ್ ವಾಹ್ ಎಂದರು. ಬೆಳ್ಯಪ್ಪನವರು ಭೂತಗನ್ನಡಿ ತೆಗೆದು ಬಗ್ಗಿದರು. ಕೊರಳಿನ ಬೀಗದ ಕೈ ಮೇಜಿಗೆ ತಾಗಿತು. ಬೇರೆಯವರಿಗೆ ತಿಳಿಯದಿರಲೆಂದು ಕನ್ನಡದಲ್ಲಿ, ಮೆಲ್ಲಗೆ ಹೇಳಿದರು:

“ಮೂಗು ನೋಡು ಮಗೂ. ಕಾಡಿನಲ್ಲಿ ಅದನ್ನು ಎಲ್ಲಿಗೆ ಉಜ್ಜಿತು?”

ನೋಡಿದೆ. ಮೂಗಿನ ಬಲಪಕ್ಕದಲ್ಲಿ ಎಂಟಾಣೆ ಅಗಲದಷ್ಟು ಜಾಗ ಕೂದಲಿಲ್ಲದೆ ಗುಲಾಬಿ ಬಣ್ಣಕ್ಕಿತ್ತು. ಆ ಚಿರತೆ ಪಂಜರದ ತುದಿಗೆ ಬಂದಾಗಲೆಲ್ಲ ಕಂಬಿಗೆ ಮೂಗು ತಾಗಿಸಿ ಹಿಂದಿರುಗುತ್ತಿತ್ತು. ದಿನಕ್ಕೆ ಅದೆಷ್ಟು ಸಲವೋ. ಸವೆದ ಆ ಗುರುತನ್ನು ನಾನು ಭಕ್ತಿಯಿಂದ ನಕಲು ಮಾಡಿಕೊಂಡು, ಕಂಬಿಯನ್ನು ಬಿಟ್ಟು, ಕಂಬಿಯ ಗಾಯವನ್ನು ಬಂಡೆಯ ಮೇಲೆ ಕೂರಿಸಿದ್ದೆ.

ತಿದ್ದಲು ಇನ್ನೂ ಕಾಲವಿತ್ತು. ಅವರು ಅದನ್ನೂ ಹೇಳಿದರು, ಕೂತರೆ ಒಂದೇ ಗಂಟೆಯ ಕೆಲಸ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಸುಳ್ಳು ಹೇಳಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

“ಒಂದು ದಿನಕ್ಕಾದರೂ ಕಾಡಿಗೆ ಬಂದಿದ್ದೀರಾ ನೀವು? ಕಂಬಿ ಬಿಟ್ಟು ನಿಮಗೆ ಬೇರೇನು ಗೊತ್ತು?” ಎಂದೆ.

ಅವರು ಭೂತಗನ್ನಡಿಯನ್ನು ಒರೆಸಿ ಜೇಬಿಗಿಟ್ಟುಕೊಂಡರು. “ಅದೂ ಸರಿಯೇ” ಎಂದು ಹೊರಗೆ ಹೋಗಿ ಸ್ಕೂಟರಿನ ಪಕ್ಕ ನಿಂತರು. ನಾನು ತಿದ್ದಲಿಲ್ಲ. ಕ್ಯಾಲೆಂಡರು ಹಾಗೆಯೇ ಅಚ್ಚಾಯಿತು, ಒಬ್ಬರೂ ಗುರುತಿಸಲಿಲ್ಲ. ನಮ್ಮ ಸೆಕ್ಷನ್ನಿನವರು ಅಭಿಮಾನದಿಂದ ಅದನ್ನು ನನ್ನ ಮೇಜಿನ ಎದುರಿಗೇ ತೂಗುಹಾಕಿದರು. ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಆ ಗುಲಾಬಿ ಮೂಗು ನನ್ನನ್ನು ನೋಡುತ್ತಿತ್ತು.

ಫೆಬ್ರುವರಿಯವರೆಗೆ ತಡೆದೆ. ಆಮೇಲೆ ಒಂದು ಸಂಜೆ ಕಚೇರಿಯಿಂದ ನೇರವಾಗಿ, ಕ್ಷಮೆ ಕೇಳಲೆಂದು ಇಂದಿರಾಪುರಂಗೆ ಹೋದೆ. ಲಿಫ್ಟಿನಿಂದ ಹೊರಗೆ ಕಾಲಿಟ್ಟರೆ ಎದುರಿಗೇ ಅವರ ಮನೆ. ಮರದ ಬಾಗಿಲು ತೆರೆದಿತ್ತು. ಅದರ ಮುಂದಿನ ಕಬ್ಬಿಣದ ಜಾಲಿಗೆ, ಸರಳಿನ ಹೊರಬಾಗಿಲಿಗೆ, ಹೊರಗಿನಿಂದ ಬೀಗ ಹಾಕಿತ್ತು. ಜಾಲಿಯ ಹಿಂದೆ, ಎರಡೂ ಕೈಯಲ್ಲಿ ಸರಳು ಹಿಡಿದುಕೊಂಡು, ಮುಖ ಆನಿಸಿ, ಒಬ್ಬ ಹೆಂಗಸು ನಿಂತಿದ್ದರು. ತಲೆ ಬಾಚಿ ಹೂ ಮುಡಿಸಿತ್ತು.

ಬೆಳ್ಯಪ್ಪನವರು ಇದ್ದಾರಾ ಎಂದು ಕನ್ನಡದಲ್ಲೇ ಕೇಳಿದೆ. ಕನ್ನಡ ಕಿವಿಗೆ ಬಿದ್ದದ್ದೇ ಅವರ ಮುಖ ಅರಳಿತು.

“ಬಾಗಿಲು ತೆಗಿ ಮಗಾ. ಮಡಿಕೇರಿ ಬಸ್ಸು ಹೊರಡ್ತದೆ.”

ಬೀಗದ ಕೈ ಇಲ್ಲ ಎಂದೆ. ಅವರು ಮತ್ತೆ ಹೇಳಿದರು, ಅದೇ ದನಿಯಲ್ಲಿ, ಮೊದಲ ಸಲ ಹೇಳುವಂತೆ. ಸರಳಿನ ನಡುವೆ ಕೈ ಚಾಚಿ ನನ್ನ ಕೈ ಹಿಡಿದುಕೊಂಡರು. ಹತ್ತು ನಿಮಿಷವಾದ ಮೇಲೆ ಬೆಳ್ಯಪ್ಪನವರು ಹಾಲಿನ ಪೊಟ್ಟಣ ಹಿಡಿದು ಲಿಫ್ಟಿನಿಂದ ಬಂದರು. ನನ್ನನ್ನು ನೋಡಿ ಕೊರಳಿನಿಂದ ಬೀಗದ ಕೈ ತೆಗೆದರು. ಅದು ಯಾವುದರದೆಂದು ನನಗೆ ಆಗ ಗೊತ್ತಾಯಿತು.

ಹೆಂಡತಿಯ ಹೆಸರು ಕಾವೇರಮ್ಮ. ಎಂಟು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ಹಿಂದಿ ಹೋಯಿತು, ಆಮೇಲೆ ದೆಹಲಿ ಹೋಯಿತು, ಊರು ಮಾತ್ರ ಉಳಿಯಿತು. ಒಮ್ಮೆ ಬಸ್ಸು ಹಿಡಿಯುತ್ತೇನೆಂದು ಇಳಿದುಹೋದವರು ಆರು ಗಂಟೆಯ ನಂತರ ಹೆದ್ದಾರಿಯ ನಡುವೆ ಸಿಕ್ಕಿದ್ದರು. ಅಂದಿನಿಂದ ಬೀಗ. ಭಾನುವಾರ ಬೆಳಗ್ಗೆ ಎದುರು ಮನೆಯ ಪಂಜಾಬಿ ಹೆಂಗಸು ಬಂದು ಮಧ್ಯಾಹ್ನದವರೆಗೆ ಕೂರುತ್ತಿದ್ದರು, ಬೆಳ್ಯಪ್ಪನವರ ವಾರದ ಬಿಡುವು ಅಷ್ಟೇ. ಊರಿಗೇ ಕರೆದುಕೊಂಡು ಹೋಗಬಾರದೇ ಎಂದು ನಾನು ಜಾಣೆಯಂತೆ ಕೇಳಿದೆ. ಎರಡು ಸಲ ಕರೆದೊಯ್ದಿದ್ದರಂತೆ. ಅಲ್ಲಿಯೂ ಗೇಟಿನ ಬಳಿ ನಿಂತು ಮಡಿಕೇರಿ ಬಸ್ಸು ಕೇಳಿದರಂತೆ.

ನಾನು ಕ್ಷಮೆ ಕೇಳಲಿಲ್ಲ. ಆ ಮನೆಯೊಳಗೆ ಅದು ತೀರಾ ಸಣ್ಣ ಮಾತಾಗಿ ಕಂಡಿತು. ಅದರ ಬದಲು, ಮುಂದಿನ ಚಳಿಗಾಲ ನೀವು ಕಾಡಿಗೆ ಹೋಗಿ, ಎರಡು ದಿನ ನಾನು ಇವರ ಜೊತೆ ಇರುತ್ತೇನೆ, ಕನ್ನಡ ಬರುವವಳು ಗುಂಪಿನಲ್ಲಿ ನಾನೊಬ್ಬಳೇ ಎಂದೆ. ಒಪ್ಪಿಸಲು ಹತ್ತು ತಿಂಗಳು ಬೇಕಾಯಿತು. ಭಟ್ನಾಗರ್ ಜೀ ಖುದ್ದಾಗಿ ಮನೆಗೆ ಬಂದು ಕೈ ಜೋಡಿಸಿದರು. ಅದನ್ನೂ ನಮ್ಮ ಗುಂಪಿನ ಸಾಧನೆಗಳಲ್ಲಿ ಸೇರಿಸಬೇಕು.

ಶನಿವಾರ ಬೆಳಗ್ಗೆ ಬಸ್ಸು ಹೊರಡುವ ಮೊದಲು ಅವರು ಬೀಗದ ಕೈಯನ್ನು ನನ್ನ ಕೊರಳಿಗೆ ಹಾಕಿದರು. ಲಾಡಿ ಬೆವರು ಕುಡಿದು ಗಟ್ಟಿಯಾಗಿತ್ತು. ರಟ್ಟು ಬಗಲಲ್ಲಿಟ್ಟುಕೊಂಡು, ಮೂರು ಸಲ ತಿರುಗಿ ನೋಡಿ ಲಿಫ್ಟು ಹತ್ತಿದರು. ಆ ಎರಡು ದಿನ ನಾನು ಜಾಲಿಯ ಒಳಗಿದ್ದೆ. ಕಾವೇರಮ್ಮ ಬಾಗಿಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಬಾಗಿಲಿಗೆ ನಡೆಯುತ್ತಿದ್ದರು. ಬಾಗಿಲಿಗೆ ಬಂದಾಗಲೆಲ್ಲ ಬಸ್ಸು ಕೇಳುತ್ತಿದ್ದರು. ಮೊದಲ ಗಂಟೆ ನಗುತ್ತ ಸಮಾಧಾನ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ಉತ್ತರ ಕೊಡುವುದನ್ನು ಬಿಟ್ಟೆ. ಭಾನುವಾರ ಬೆಳಗ್ಗೆ ಒಮ್ಮೆ ಗದರಿದೆ. ಅವರು ಗಾಬರಿಯಾಗಿ ನನ್ನ ಕೊರಳಿನ ಬೀಗದ ಕೈಯನ್ನೇ ನೋಡಿದರು. ನಾನು ಅದನ್ನು ಕುಪ್ಪಸದ ಒಳಗೆ ಹಾಕಿಕೊಂಡು ಅಡಿಗೆಮನೆಗೆ ಹೋಗಿ ಅತ್ತೆ. ಈ ಮನುಷ್ಯ ಎಂಟು ವರ್ಷ ಹೇಗೆ ಗದರದೆ ಇದ್ದರು, ಅಥವಾ ಗದರಿ ಹೇಗೆ ತಡೆದುಕೊಂಡರು ಎಂದು ಇಂದಿಗೂ ಯೋಚಿಸುತ್ತೇನೆ.

ಭಾನುವಾರ ಸಂಜೆ ಹೇಳಿದ ಹೊತ್ತಿಗೇ ಬಂದರು. ಬೂಟಿನ ತುಂಬ ಕೆಂಪು ಧೂಳು. ಬಂದವರೇ ಎಷ್ಟು ಸಲ ಕೇಳಿದಳು ಎಂದರು. ಜಾಸ್ತಿ ಇಲ್ಲ ಎಂದು ಸುಳ್ಳು ಹೇಳಿ ಬೀಗದ ಕೈ ಹಿಂದಿರುಗಿಸಿದೆ. ಆ ದಿನ ಬೆಳಗ್ಗೆ ಚಿರತೆ ಕಾಣಿಸಿತ್ತು ಎಂದು ಭಟ್ನಾಗರ್ ಜೀ ಆಗಲೇ ಫೋನಿನಲ್ಲಿ ಕೂಗಿ ಹೇಳಿದ್ದರು: ತೆರೆದ ಬಂಡೆಯ ಮೇಲೆ, ಇಪ್ಪತ್ತು ನಿಮಿಷ, ಎಲ್ಲರೂ ಕೈ ನೋಯುವಷ್ಟು ಬರೆದರಂತೆ. ತೋರಿಸಿ ಎಂದು ರಟ್ಟು ಬಿಚ್ಚಿದೆ. ಅವರು ಒಯ್ದಿದ್ದ ಹಾಳೆಗಳೆಲ್ಲ ಕಂಬಿ ಹಾಕಿದವೇ. ಅಭ್ಯಾಸಬಲದಿಂದ ವಾರವಿಡೀ ಗೆರೆ ಎಳೆದಿದ್ದರು. ಮೇಲೆ ಯಾರೋ ಕೊಟ್ಟ ಒಂದು ಬಿಳಿ ಹಾಳೆ ಇತ್ತು. ಅದರಲ್ಲಿ ಏನೂ ಇರಲಿಲ್ಲ.

“ಎಲ್ಲಿಂದ ಶುರು ಮಾಡುವುದು ಅಂತ ತಿಳೀಲಿಲ್ಲ ಮಗೂ” ಎಂದರು. “ಅಳತೆಗೆ ಏನೂ ಇರಲಿಲ್ಲ ಅಲ್ಲಿ.”

ಅವರು ಮತ್ತೆ ಕಾಡಿಗೆ ಹೋಗಲಿಲ್ಲ. ನಾನು ಎಷ್ಟು ಕರೆದರೂ ಮುಂದಿನ ವರ್ಷ ನೋಡುವ ಎಂದರು. ಮೃಗಾಲಯದ ಆ ಚಿರತೆ ಮರುವರ್ಷ ವಯಸ್ಸಾಗಿ ಸತ್ತಿತು. ಆಮೇಲೆ ಅವರು ಭಾನುವಾರ ಬರುವುದೂ ನಿಂತಿತು.

ನನಗೆ ಬೆಂಗಳೂರಿಗೆ ವರ್ಗವಾದಾಗ ಹೇಳಿಹೋಗಲು ಇಂದಿರಾಪುರಂಗೆ ಹೋದೆ. ಮಧ್ಯಾಹ್ನ. ಅವರು ಜಾಲಿಯ ಒಳಗೆ ನಿಂತು ತುಟಿಗೆ ಬೆರಳಿಟ್ಟರು. ಕಾವೇರಮ್ಮನಿಗೆ ಆಗಷ್ಟೇ ನಿದ್ದೆ ಹತ್ತಿತ್ತು. ಬೀಗ ತೆಗೆದರೆ ಸದ್ದಿಗೆ ಎಚ್ಚರವಾಗುತ್ತಾರೆ. ಹಾಗಾಗಿ ಅವರು ಆಚೆ, ನಾನು ಈಚೆ ನಿಂತು ಪಿಸುಮಾತಿನಲ್ಲಿ ಐದು ನಿಮಿಷ ಮಾತಾಡಿದೆವು. ಸೊರಗಿದ್ದರು. ಅಂಗಿಗೆ ಮಾತ್ರ ಇಸ್ತ್ರಿ ಇತ್ತು. ಒಳಗೆ ಹೋಗಿ ಸುರುಳಿ ಸುತ್ತಿದ ಒಂದು ಹಾಳೆ ತಂದು ಸರಳುಗಳ ನಡುವೆ ತೂರಿಸಿದರು. ಅದು ಸಿಕ್ಕಿಕೊಂಡಿತು. ಅವರು ತಳ್ಳಿದರು, ನಾನು ಎಳೆದುಕೊಂಡೆ. ಅದೇ ನಮ್ಮ ಕೊನೆಯ ಭೇಟಿ. ಎರಡು ವರ್ಷದ ಮೇಲೆ, ಮೊದಲು ಅವರು, ಹದಿನೈದು ದಿನಕ್ಕೆ ಕಾವೇರಮ್ಮ ಹೋದರೆಂದು ಭಟ್ನಾಗರ್ ಜೀ ಫೋನ್ ಮಾಡಿದರು.

ಆ ಸುರುಳಿಯನ್ನು ನಾನು ಅಂದೇ, ಅವರೆದುರಿಗೇ ಬಿಚ್ಚಿದ್ದೆ. ಹದಿನಾಲ್ಕು ಕಂಬಿ, ಹಿಂದೆ ಬಂಡೆಯ ಮೇಲೆ ಕೂತ ಚಿರತೆ. ಮೃಗಾಲಯದ್ದಲ್ಲ. ಇದರ ಹೊಟ್ಟೆ ಒಳಗೆ ಹೋಗಿತ್ತು, ಕಣ್ಣು ಎಲ್ಲಿಯೋ ದೂರದಲ್ಲಿತ್ತು. ಅವರು ಸರಳಿನೊಳಗಿಂದ ಒಂದು ಬೆರಳನ್ನಷ್ಟೇ ಹೊರಗೆ ತಂದು ಹಾಳೆಯ ಮೇಲೆ ಇಟ್ಟರು.

“ಕಂಬಿ ಬಿಟ್ಟು ಬರೀಲಿಕ್ಕೆ ನನ್ನಿಂದ ಆಗಲಿಲ್ಲ ಮಗೂ. ಮೂಗು ಮಾತ್ರ ಸರಿ ಉಂಟು, ನೋಡು.”

ನೋಡಿದೆ. ಮೂಗಿನ ಎರಡೂ ಪಕ್ಕ ಕೂದಲು ತುಂಬಿತ್ತು.