ಹೊಂಗೆ ಎಣ್ಣೆ ಕುಡಿದ ವಿಮಾನ

ಕೊಳ್ಳೇಗಾಲದ ಒಂದು ಬಡಗಿ ಅಂಗಡಿಯಲ್ಲಿ ವಿಮಾನವೊಂದರ ರೆಕ್ಕೆ ಬಿಚ್ಚಿಕೊಂಡು ಬಿದ್ದಿದೆ. ಕಾರಣ ಯಾರು? ನಾನೇ!

ನಗಬೇಡಿ. ಮರದ ಗ್ಲೈಡರ್ ಅದು (ಇಂಜಿನ್ ಇಲ್ಲ, ಗಾಳಿಯನ್ನೇ ನಂಬಿ ಹಾರುವಂಥದ್ದು). ನಾನು ಓದಿದ ಕಾಲೇಜಿನವರು ಯಾವುದೋ ಕಾಲದಲ್ಲಿ ವಿದ್ಯಾರ್ಥಿಗಳಿಗೆ ತೋರಿಸಲೆಂದು ತಂದು, ಆಮೇಲೆ ಶೆಡ್ಡಿಗೆ ತಳ್ಳಿ ಬೀಗ ಹಾಕಿದ್ದರು. ಈ ವರ್ಷ ಜಾಗ ಬೇಕಾಯಿತು ನೋಡಿ, ಆಡಳಿತ ಸಮಿತಿಗೆ ಅದರ ನೆನಪಾಯಿತು. ಇಟ್ಟಿಗೆ ಗೂಡಿಗೆ ಸೌದೆಯಾಗಿ ಹಾಕಿ ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೋಗಿ ಜಗಳವಾಡಿ, ಸರಿಮಾಡಿ ತೋರಿಸಲು ಮೂರು ತಿಂಗಳ ಗಡುವು ತಂದೆ.

ರಿಪೇರಿಗೆ ಒಪ್ಪಿದವರು ಈ ಅಂಗಡಿಯ ಬಡಗಿ, ಬಂಡಳ್ಳಿಯ ಪುಟ್ಟಾಚಾರ್ರು. ಜೀವಮಾನವೆಲ್ಲ ಬಾಗಿಲು, ಕಿಟಕಿ, ಮಂಚ ಮಾಡಿದ ಕೈ. "ಇದೂ ಮರ್ವೇ ತಾನೇ ಕಣವ್ವ, ತಕಬಾ" ಎಂದರು. ಹಾಳಾಗಿದ್ದ ಹಳೇ ರೆಕ್ಕೆಯನ್ನು ಅಳೆದು, ಒಳಗಿನ ತೆಳು ಪಟ್ಟಿಗಳನ್ನೆಲ್ಲ ಹೊಸದಾಗಿ ಕೊಯ್ದಿಟ್ಟರು. ಅಂಟು ಹಾಕುವುದೊಂದೇ ಬಾಕಿ.

ಆಗ ನಾನು ಬಾಯಿ ಹಾಕಿದೆ. "ಗೆದ್ದಲು ಹಿಡಿಯುತ್ತೆ ಆಚಾರ್ರೇ, ಹೊಂಗೆ ಎಣ್ಣೆ ಬಳಿದುಬಿಡಿ."

ನಮ್ಮ ಕಡೆ ಹೊಸ ಬಾಗಿಲಿಗೆ ಎಣ್ಣೆ ಬಳಿಯದ ಮನೆ ಉಂಟೇ? ಅವರೂ ಧಾರಾಳವಾಗಿ ಬಳಿದು, ಆಮೇಲೆ ಅಂಟು ಹಾಕಿ ಕೂಡಿಸಿದರು. ಬಾಗಿಲನ್ನಾದರೆ ಗೂಟ ಬಡಿದು ಕೂಡಿಸುತ್ತಾರೆ. ಈ ರೆಕ್ಕೆ ನಿಲ್ಲುವುದು ಬರೀ ಅಂಟಿನ ಮೇಲೆ. ಎಣ್ಣೆ ಕುಡಿದ ಮರಕ್ಕೆ ಅಂಟು ಎಲ್ಲಿ ಹಿಡಿಯಬೇಕು? ಸಮಿತಿಯವರು ನೋಡಲು ಬರುವ ಹಿಂದಿನ ದಿನ ರೆಕ್ಕೆ ಎತ್ತಿದರೆ, ಪಟಪಟ ಅಂತ ನಾಲ್ಕು ಪಟ್ಟಿ ಕಿತ್ತುಬಂದವು.

ಬೆಳಗಾದರೆ ಸಮಿತಿ ಬರುತ್ತೆ! "ಸಣ್ಣ ಮೊಳೆ ಹೊಡೆದು ಮೇಲೆ ಬಟ್ಟೆ ಮುಚ್ಚಿಬಿಡಿ, ಅವರಿಗೇನು ಗೊತ್ತಾಗುತ್ತೆ?" ಅಂದೆ. (ಹೌದು, ಅಂದೆ. ಬರೆಯಲು ನಾಚಿಕೆಯಾಗುತ್ತಿದೆ.)

ಆಚಾರ್ರು ನನ್ನನ್ನು ನೋಡಿದ ನೋಟ! "ನೀ ಸುಮ್ನಿರವ್ವ. ಮೊಳೆ ಒಡುದ್ರೆ ಪಟ್ಟಿ ಸೀಳೋಯ್ತದ. ನಾಳ ಯಾರಾರ ಇದ್ರಲ್ಲಿ ಕುಂತ್ರೆ?" ಎಂದವರೇ ಉಳಿದ ಪಟ್ಟಿಗಳನ್ನೂ ಒಂದೊಂದಾಗಿ ಬಿಚ್ಚಿಹಾಕಿದರು.

ಮಾರನೆಯ ದಿನ ಸಮಿತಿಯ ಕಾರ್ಯದರ್ಶಿ ಬಂದರು. ಜೊತೆಗೇ ಲಾರಿ ಬೇರೆ!

"ಏನ್ರೀ ಇದು? ಕೊಟ್ಟಾಗ ವಿಮಾನದ ಥರಾನಾದ್ರೂ ಇತ್ತು."

"ತಪ್ಪಾಯ್ತು ಸಾ. ಎಣ್ಣೆ ಬಳುದ್ಬುಟ್ಟೆ. ಹೊಸ ಪಟ್ಟಿ ಕುಯ್ದು ಇನ್ನೊಂದ್ಸಲ ಅಂಟಾಕ್ತೀನಿ."

"ಗಡುವು ಮುಗೀತು. ಲೋಡ್ ಮಾಡ್ರೋ!"

ಆಚಾರ್ರು ಎದ್ದು ಬಾಗಿಲಿಗೆ ಅಡ್ಡ ನಿಂತರು. "ಬಿಚ್ಚುದ್ ಕೆಲ್ಸವ ಕೂಡುಸ್ದೆ ಆಚ್ಗ ಕಳ್ಸ ಪದ್ಧತಿ ನಮ್ಮಲ್ಲಿಲ್ಲ ಸಾ. ನಮ್ಮಪ್ಪ ಕಳ್ಸ್ನಿಲ್ಲ, ನಾನೂ ಕಳ್ಸಕಿಲ್ಲ. ಲಾರಿ ತಕಂಡೋಗಿ."

ನಾನೂ ಹೋಗಿ ಅವರ ಪಕ್ಕ ನಿಂತೆ. ಲಾರಿಯಲ್ಲಿ ಬಂದಿದ್ದ ಆಳುಗಳು ಸುತ್ತಲ ಊರಿನವರೇ, ಅವರಿಗೂ ಈ ಪದ್ಧತಿ ಗೊತ್ತು. ಒಬ್ಬನೂ ಮರ ಮುಟ್ಟಲಿಲ್ಲ. ಲಾರಿ ಖಾಲಿ ಹೋಯಿತು. ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂತ ಕೂಗಿಕೊಂಡೇ ಕಾರ್ಯದರ್ಶಿಯೂ ಹೋದರು. ಕೊಡಲಿ, ಯಾರು ಬೇಡ ಅಂದರು?

ತಪ್ಪು ಮುಚ್ಚಿ ಪೇಂಟ್ ಹೊಡೆದ ಕೆಲಸಕ್ಕೆಲ್ಲ ನಾವು ರಿಬ್ಬನ್ ಕತ್ತರಿಸುತ್ತೇವೆ. ತಪ್ಪಾಯಿತು ಅಂತ ಬಿಚ್ಚಿಟ್ಟವನ ಮನೆಗೆ ಲಾರಿ ಕಳಿಸುತ್ತೇವೆ. ಇದ್ಯಾವ ಸೀಮೆ ನ್ಯಾಯ ಸ್ವಾಮಿ?

ಆಚಾರ್ರು ಹೊಸ ಪಟ್ಟಿ ಕೊಯ್ಯುತ್ತಿದ್ದಾರೆ. ನಾನು ಬಾಯಿ ಮುಚ್ಚಿಕೊಂಡು ಸ್ಯಾಂಡ್ ಪೇಪರ್ ಉಜ್ಜುತ್ತಿದ್ದೇನೆ. ಗ್ಲೈಡರ್ ಇಲ್ಲಿಂದ ಹೊರಡುವುದು ಎರಡೂ ರೆಕ್ಕೆ ಕೂಡಿದ ಮೇಲೆಯೇ.

ಸಮಿತಿಯವರೇ, ಅಲ್ಲಿಯವರೆಗೆ ಇಟ್ಟಿಗೆ ಗೂಡಿಗೆ ಸೌದೆ ಸಾಲದೇ ಹೋದರೆ, ನೀವು ಕೂತಿರುವ ಕುರ್ಚಿಗಳೂ ಮರದವೇ ಅಲ್ಲವೇ?